ಆಡು ಉಳಿಸಿದ ಡಬ್ಬಿ

ನೆನೆದ ಮೆಂತ್ಯವನ್ನೂ ನೆನೆದ ಕಾಗದವನ್ನೂ ಕೂಡಿಸಿ ರುಬ್ಬಿದರೆ ಒಂದು ವಾಸನೆ ಹುಟ್ಟುತ್ತದೆ. ಕಹಿ ಅನ್ನೋಣವೆಂದರೆ ಕಹಿಯಲ್ಲ, ಮುಗ್ಗಲು ಅನ್ನೋಣವೆಂದರೆ ಮುಗ್ಗಲೂ ಅಲ್ಲ. ಈಚೆಗೆ ಒಂದು ರವಿವಾರ ವಿಜಾಪುರದ ಜಲನಗರದ ನಮ್ಮ ಅಡುಗೆಮನೆಯಲ್ಲಿ ಆ ವಾಸನೆ ಎದ್ದಿತು. ಮಗಳ ಶಾಲೆಯಿಂದ ಮೊಬೈಲಿಗೆ ಸೂಚನೆ ಬಂದಿತ್ತು: ಮಕ್ಕಳು ತಮ್ಮ ತಮ್ಮ ಪೆನ್ಸಿಲ್ ಡಬ್ಬಿಯನ್ನು ಮನೆಯಲ್ಲಿಯೇ ತಯಾರಿಸಿ, ಅದರ ಮೇಲೆ ತಮ್ಮದೇ ಒಂದು ಗುರುತು ಹಾಕಿ ತರಬೇಕು. ಮಗಳು ಆಗಲೇ ಅವರಪ್ಪನನ್ನು ಗಾಂಧಿ ಚೌಕಕ್ಕೆ ಎಳೆದುಕೊಂಡು ಹೋಗಿ ಮಿಂಚುವ ಪುಡಿ, ಅಂಟಿಸುವ ಹೂವು, ತನ್ನ ಹೆಸರಿನ ಬಣ್ಣಬಣ್ಣದ ಅಕ್ಷರ ಎಲ್ಲ ತಂದಿಟ್ಟುಕೊಂಡಿದ್ದಳು. ಅವನ್ನೆಲ್ಲ ಅಂಟಿಸಲು ಡಬ್ಬಿಯೊಂದು ಇರಲಿಲ್ಲ. ಡಬ್ಬಿ ನಾನು ಮಾಡುತ್ತೇನೆ ಎಂದು ಹಳೆಯ ಪತ್ರಿಕೆಗಳನ್ನು ಚೂರು ಮಾಡಿ ನೆನೆಹಾಕಿದ್ದೆ, ಒಂದು ಹಿಡಿ ಮೆಂತ್ಯ ನೆನೆಹಾಕಿದ್ದೆ, ಎರಡನ್ನೂ ಮಿಕ್ಸರಿಗೆ ಹಾಕಿ ತಿರುಗಿಸಿ ಮುಚ್ಚಳ ತೆಗೆದೆ. ಮಗಳು ಮೂಗು ಮುಚ್ಚಿಕೊಂಡು ಹೊರಗೆ ಓಡಿದಳು. ನಾನು ಅಲ್ಲಿಯೇ ನಿಂತೆ. ಹಳೆಯದು ನೆನಪಾದರೆ ಮಂದಿಗೆ ಕಣ್ಣು ತೇವವಾಗುತ್ತದಂತೆ. ನನಗೆ ಹಾಗಾಗುವುದಿಲ್ಲ, ಹೊಟ್ಟೆ ಉರಿಯುತ್ತದೆ. ನನ್ನ ಬಾಲ್ಯದ ಬಹುಭಾಗವನ್ನು ನಾನು ಒಬ್ಬ ಹುಡುಗಿಯನ್ನು ನೋಡಿ ಉರಿದುಕೊಳ್ಳುವುದರಲ್ಲಿಯೇ ಕಳೆದವಳು. ಆ ಉರಿ ಆರಿತೆಂದು ಯಾರಾದರೂ ಹೇಳಿದರೆ ನಂಬಬೇಡಿ.

ತಿಕೋಟಾದ ನಮ್ಮ ಮನೆ ಈಗ ಇಲ್ಲ. ರಸ್ತೆ ಅಗಲ ಮಾಡುವಾಗ ಪಡಸಾಲೆ ಹೋಯಿತು, ಉಳಿದದ್ದನ್ನು ದೊಡ್ಡಪ್ಪನ ಮಕ್ಕಳು ಕೆಡವಿ ಅಂಗಡಿಸಾಲು ಕಟ್ಟಿದರು. ಒಲೆ ಇದ್ದ ಜಾಗದಲ್ಲಿ ಈಗ ದ್ರಾಕ್ಷಿ ತೋಟದ ಔಷಧ ಮಾರುತ್ತಾರೆ. ಆ ಕಡೆ ಹೋದಾಗ ನಾನು ಬಸ್ಸಿನ ಇನ್ನೊಂದು ಬದಿಯ ಕಿಟಕಿಯಲ್ಲಿ ಕೂರುತ್ತೇನೆ. ಆ ಮಣ್ಣಿನ ಮಾಳಿಗೆಯ ಮನೆಯಲ್ಲಿ ಅಪ್ಪನ ತಾಯಿ ಆಯಿ ಇದ್ದಳು, ದೊಡ್ಡಪ್ಪನ ಸಂಸಾರವಿತ್ತು, ನಾವು ಇದ್ದೆವು. ಅಪ್ಪ ಬಸ್ ಕಂಡಕ್ಟರ್. ಅವ್ವ ಮಮದಾಪುರದವಳು. ಅವ್ವನಿಗೆ ಓದುಬರಹ ಅಷ್ಟಕ್ಕಷ್ಟೆ, ಆದರೆ ಶಾಲೆಗೆ ಬೇಕಾದ ಸಾಮಾನನ್ನು ಅವಳಷ್ಟು ಶ್ರದ್ಧೆಯಿಂದ ಮಾಡುತ್ತಿದ್ದವರನ್ನು ನಾನು ಕಂಡಿಲ್ಲ. ಅಂಥ ಮನೆಯಲ್ಲಿ ಬೆಳೆದಿದ್ದರೆ ಬೇಸಿಗೆ ರಜೆಯ ಕೊನೆಯ ದಿನಗಳ ಆ ಗದ್ದಲ ನಿಮಗೂ ಗೊತ್ತಿರುತ್ತದೆ. ಹಿಂದಿನ ವರ್ಷದ ನೋಟುಬುಕ್ಕುಗಳೆಲ್ಲ ಪಡಸಾಲೆಯ ನಡುವೆ ರಾಶಿ ಬೀಳುತ್ತಿದ್ದವು. ಬರೆಯದೆ ಉಳಿದ ಹಾಳೆಗಳನ್ನು ಹುಷಾರಾಗಿ ಬಿಡಿಸಿ, ದಬ್ಬಣದಿಂದ ತೂತು ಹಾಕಿ, ದಪ್ಪ ದಾರದಿಂದ ಹೊಲಿದರೆ ಲೆಕ್ಕ ಮಾಡುವ ಹೊಸ ನೋಟುಬುಕ್ಕು. ಅದಕ್ಕೆ ಯಾರದೋ ಮದುವೆಯ ಕಾರ್ಡಿನ ರಟ್ಟು. ಗಣಪತಿ ಮೇಲೆ ಬರಬೇಕು, ಮದುಮಕ್ಕಳ ಹೆಸರು ಒಳಗೆ ಹೋಗಬೇಕು. ಅಪ್ಪನ ಹಳೆಯ ಖಾಕಿ ಪ್ಯಾಂಟಿನ ಕಾಲುಗಳಿಂದ ಪಾಟೀಚೀಲ ಆಗುತ್ತಿತ್ತು. ಆ ಚೀಲ ಹರಿದದ್ದನ್ನು ಯಾರೂ ಕಂಡಿಲ್ಲ, ಚಂದ ಕಂಡದ್ದನ್ನೂ ಯಾರೂ ಕಂಡಿಲ್ಲ.

ಇವೆಲ್ಲ ಬೇರೆ ಮನೆಗಳಲ್ಲೂ ಮಾಡುತ್ತಿದ್ದರು. ನಮ್ಮ ಮನೆಯದೇ ಆದದ್ದು ಡಬ್ಬಿ. ಬರೆದು ತುಂಬಿದ ಹಾಳೆಗಳನ್ನು ಅವ್ವ ಹಿತ್ತಲಿನಲ್ಲಿ ನೀರು ತುಂಬಿಡುವ ಕಲ್ಲಿನ ದೋಣಿಯಲ್ಲಿ ನೆನೆಹಾಕುತ್ತಿದ್ದಳು. ಒಂದೆರಡು ದಿನದಲ್ಲಿ ನೀರು ನೀಲಿಯಾಗುತ್ತಿತ್ತು. ನಮ್ಮ ಮಗ್ಗಿ, ನಮ್ಮ ಪ್ರಶ್ನೋತ್ತರ, ಮಾಸ್ತರು ಹಾಕಿದ ಕೆಂಪು ಗೆರೆ ಎಲ್ಲ ಕರಗಿ ಒಂದೇ ಆಗುತ್ತಿದ್ದವು. ಆ ಮುದ್ದೆಯನ್ನು ಹಿಂಡಿ, ನೆನೆದ ಮೆಂತ್ಯದ ಜೊತೆ ಒರಳಿಗೆ ಹಾಕಿ, ಬೆಣ್ಣೆಯಂತೆ ಆಗುವವರೆಗೆ ಕುಟ್ಟಬೇಕು. ಹೆಂಗಸರು ಇದರಿಂದ ಕಾಳು ಹಾಕುವ ಬುಟ್ಟಿ ಮಾಡುವುದನ್ನು ನೀವು ನೋಡಿರಬಹುದು. ಅವ್ವ ಪೆನ್ಸಿಲ್ ಡಬ್ಬಿ ಮಾಡುತ್ತಿದ್ದಳು. ಅಪ್ಪ ಕೆಲಸಕ್ಕೆ ಸೇರಿದ ಹೊಸತರಲ್ಲಿ ಬಳಸುತ್ತಿದ್ದ, ಮೂಲೆ ಜಜ್ಜಿಹೋದ ಉದ್ದನೆಯ ತಗಡಿನ ಟಿಕೆಟ್ ಡಬ್ಬಿಯೊಂದು ಮನೆಯಲ್ಲಿತ್ತು. ಅದಕ್ಕೆ ಹಸಿ ಬಟ್ಟೆ ಸುತ್ತಿ, ಮೇಲೆ ಮುದ್ದೆ ಬಳಿದು, ಅರೆ ಒಣಗಿದ ಮೇಲೆ ಬಿಡಿಸಿ, ಮಾಳಿಗೆಯ ಬಿಸಿಲಿಗೆ ಇಟ್ಟರೆ ಡಬ್ಬಿ ಕಟ್ಟಿಗೆಯಂತೆ ಗಟ್ಟಿಯಾಗುತ್ತಿತ್ತು. ಮುಚ್ಚಳ ಇನ್ನೂ ಹಸಿ ಇರುವಾಗಲೇ ಅದರಲ್ಲಿ ಬೀಜಗಳನ್ನು ಒತ್ತಿ ಒಬ್ಬೊಬ್ಬರಿಗೂ ಒಂದೊಂದು ಗುರುತು ಮಾಡುತ್ತಿದ್ದಳು. ದೊಡ್ಡಪ್ಪನ ಹಿರಿಯ ಮಗನಿಗೆ ಹುಣಸೆ ಬೀಜದ ಎತ್ತು, ಕಿರಿಯವನಿಗೆ ಕುಸುಬೆಯ ಗಾಳಿಪಟ. ನಾವು ಮಲಗಿದ್ದ ಮಧ್ಯಾಹ್ನಗಳಲ್ಲಿ ಈ ಕೆಲಸ ಮಾಡಿ ಮುಚ್ಚಳಗಳನ್ನು ಬೋರಲು ಹಾಕಿ ಒಣಗಿಸುತ್ತಿದ್ದಳು. ಶಾಲೆ ತೆರೆಯುವ ಹಿಂದಿನ ದಿನ ಅವಳು ಕೈಯಾರೆ ಕೊಟ್ಟಾಗಲೇ ಈ ವರ್ಷ ತನಗೆ ಏನು ಬಂದಿದೆ ಎಂದು ನೋಡಬೇಕು. ಅದಕ್ಕಿಂತ ಮೊದಲು ಮುಟ್ಟಿದರೆ ವಿದ್ಯೆ ಹತ್ತುವುದಿಲ್ಲ ಎಂದು ಆಯಿ ಹೆದರಿಸಿದ್ದಳು. ನಾನು ಪ್ರತಿ ವರ್ಷವೂ ಕದ್ದು ನೋಡುತ್ತಿದ್ದೆ. ವಿದ್ಯೆ ತಕ್ಕಮಟ್ಟಿಗೆ ಹತ್ತಿತು.

ಮಾಳಿ ನಮ್ಮ ಮನೆಗೆ ಬಂದದ್ದು ನಾನು ಮೂರನೆಯ ಇಯತ್ತೆ ಮುಗಿಸಿದ ಬೇಸಿಗೆಯಲ್ಲಿ. ಪೂರ್ತಿ ಹೆಸರು ಮಾಳವ್ವ. ನನ್ನ ಚಿಗವ್ವನ, ಅಂದರೆ ಅವ್ವನ ತಂಗಿಯ ಮಗಳು; ನನ್ನ ಅವ್ವ ಅವಳಿಗೆ ದೊಡ್ಡವ್ವ. ನನಗಿಂತ ಒಂದು ಬೆರಳು ಸಣ್ಣವಳು. ಚಿಗವ್ವ ಮತ್ತು ಬೀರಪ್ಪ ಕಾಕಾ ಮಮದಾಪುರದಲ್ಲಿ ಕುರಿ ಸಾಕಿದವರು. ದೀಪಾವಳಿ ದಾಟಿತೆಂದರೆ ಹಿಂಡು ಹೊಡೆದುಕೊಂಡು ಜತ್ತದ ಕಡೆ ಹೋಗುತ್ತಿದ್ದರು, ಅಲ್ಲಿ ಮಂದಿಯ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುತ್ತ ಊರೂರು ತಿರುಗಿ ಮಿರಗದ, ಅಂದರೆ ಮೃಗಶಿರಾ ಮಳೆಯ ಹೊತ್ತಿಗೆ ಮರಳುತ್ತಿದ್ದರು. ಮಾಳಿಯೂ ಜೊತೆಗೆ ಹೋಗುತ್ತಿದ್ದಳು; ಹಾಗಾಗಿ ಅರ್ಧ ವರ್ಷ ಶಾಲೆ, ಅರ್ಧ ವರ್ಷ ಕುರಿ. ಆ ವರ್ಷ ಹಿಂಡು ಮರಳಿದ ಹೊತ್ತಿಗೆ ತವರಿಗೆ ಹೋದ ಅವ್ವ ಅವಳ ಕೈಹಿಡಿದು ಕರೆದುಕೊಂಡೇ ಬಂದುಬಿಟ್ಟಳು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಅವ್ವನ ಬಲಗೈ ನನ್ನದು ಎಂದು ನಾನು ಅಂದುಕೊಂಡಿದ್ದೆ. ಅದರಲ್ಲಿ ಬೇರೆಯವಳು ಜೋತುಬಿದ್ದಿದ್ದಳು.

ಆ ಹುಡುಗಿಯಲ್ಲಿ ತಪ್ಪು ಹುಡುಕುವುದು ಸುಲಭವಿರಲಿಲ್ಲ, ಅದೇ ದೊಡ್ಡ ಕಷ್ಟ. ಕೋಳಿ ಕೂಗುವ ಮುಂಚೆ ಏಳುತ್ತಿದ್ದಳು. ಹೇಳುವ ಮೊದಲೇ ಅಂಗಳ ಕಸ ಹೊಡೆಯುತ್ತಿದ್ದಳು. ಬಳಪ ಮೊಂಡಾಗುವವರೆಗೆ ಬರೆದು, ಮೊಂಡಾದದ್ದನ್ನೂ ತೆಗೆದಿಡುತ್ತಿದ್ದಳು. ಅವಳ ಅಕ್ಷರ ನೋಡಿ ಶಾಲೆಯ ಬಾಯಾರು, ಅಂದರೆ ಟೀಚರು, ನನ್ನ ಪಾಟಿಯ ಕಡೆ ನೋಡುತ್ತಿದ್ದರು. ಅವ್ವ ಅವಳನ್ನು ಕರೆಯುವ ಧ್ವನಿಯೇ ಬೇರೆ. "ಮಾಳವ್ವಾ, ಉಣ್ಣಾಕ ಬಾರವ್ವಾ." ನನ್ನ ಸರದಿ ಬಂದಾಗ, "ಏ ರೇಣಿ, ಬಂದ ತಿಂತಿ ಇಲ್ಲೊ." ರೇಣುಕಾ ಎಂಬ ಪೂರ್ತಿ ಹೆಸರು ನನಗೂ ಇತ್ತು, ಅದನ್ನು ಹಾಜರಿ ಕರೆಯುವಾಗ ಮಾತ್ರ ಕೇಳುತ್ತಿದ್ದೆ. ಒಮ್ಮೆ ಆಯಿಯ ಮುಂದೆ ದೂರು ಹೇಳಿದೆ, ಮಾಳಿ ಬಂದಾಗಿನಿಂದ ಅವ್ವ ನನ್ನ ಕಡೆ ನೋಡುವುದೇ ಇಲ್ಲ ಎಂದು. ಆಯಿ ಅಡಿಕೆ ಕತ್ತರಿಸುತ್ತ, "ನೀ ಅಕೀನ್ನ ನೋಡೂದು ಬಿಟ್ರ ನಿಮ್ಮವ್ವ ನಿನ್ನ ನೋಡೂದು ಕಾಣತೈತಿ" ಎಂದಳು. ಆಗ ಆ ಮಾತು ನನ್ನ ತಲೆಗೆ ಹೋಗಲಿಲ್ಲ. ಆಯಿಯೂ ಅವಳ ಕಡೆ ಸೇರಿದಳು ಎಂದು ಒಬ್ಬಳೇ ಹಿತ್ತಲಲ್ಲಿ ಕೂತು ಅತ್ತೆ.

ಮರುವರ್ಷದ ಬೇಸಿಗೆ ರಜೆಯಲ್ಲಿ ನಾವಿಬ್ಬರೂ ಮಮದಾಪುರಕ್ಕೆ ಹೋಗಿದ್ದೆವು. ಅಲ್ಲಿ ಕೆರೆಯ ಏರಿಯ ಬೇಲಿಗೆ ಗುಲಗಂಜಿ ಬಳ್ಳಿ ಹಬ್ಬಿರುತ್ತದೆ. ಒಣಗಿದ ಕಾಯಿ ಬಾಯಿ ಬಿಟ್ಟು, ಒಳಗೆ ಕೆಂಪು ಮೈಯ ಕಪ್ಪು ಮೂಗಿನ ಬೀಜಗಳು ಸಾಲಾಗಿ ಕೂತಿರುತ್ತವೆ. ಇಬ್ಬರೂ ಮುಳ್ಳು ತರಚಿಸಿಕೊಂಡು ಕಿತ್ತೆವು, ಒಂದೇ ಅರಿವೆಯಲ್ಲಿ ಗಂಟು ಕಟ್ಟಿದೆವು. ತಿಕೋಟಾಕ್ಕೆ ಬಂದ ಕೂಡಲೇ ಗಂಟನ್ನು ಅವ್ವನ ಕೈಗೆ ಕೊಟ್ಟವಳು ನಾನು. ಕೊಟ್ಟು, ಈ ಸಲ ನನ್ನ ಡಬ್ಬಿಗೆ ಗುಲಗಂಜಿಯ ಗಿಣಿ ಮಾಡಬೇಕು, ಬೇರೆ ಯಾರಿಗೂ ಮಾಡಬಾರದು ಎಂದೆ. ಅವ್ವ ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ನೋಡೂನು" ಎಂದಳು. ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಆ ಒಂದು ಮಾತನ್ನು ನಾನು ಎಷ್ಟು ವರ್ಷ ತಿರುವಿ ಹಾಕಿದ್ದೇನೋ ಲೆಕ್ಕವಿಲ್ಲ. ಕೆಲವು ದಿನಗಳ ಮೇಲೆ ಮಧ್ಯಾಹ್ನ ಎಲ್ಲರೂ ಮಲಗಿದಾಗ ಮಾಳಿಗೆ ಏರಿ ಮುಚ್ಚಳಗಳನ್ನು ಒಂದೊಂದಾಗಿ ಎತ್ತಿ ನೋಡಿದೆ. ಗಿಣಿ ಇತ್ತು. ಒಂದೇ ಒಂದು. ಮೈಯೆಲ್ಲ ಕೆಂಪು, ಕೊಕ್ಕಿನ ಜಾಗದಲ್ಲಿ ಒಂದು ಬೀಜ ಕಪ್ಪು ಮುಖ ಮೇಲಾಗಿ ಕೂತಿತ್ತು, ಬಾಲದ ಹತ್ತಿರ ಅವ್ವನ ಹೆಬ್ಬೆರಳಿನ ಅಚ್ಚು ಮೂಡಿತ್ತು. ಪಕ್ಕದ ಮುಚ್ಚಳದ ಮೇಲೆ ಅಲಸಂದೆ ಕಾಳಿನ ಕುರಿಮರಿ. ಸರಿ, ಕುರಿ ಮಾಳವ್ವನಿಗೆ, ಗಿಣಿ ನನಗೆ ಎಂದು ತೀರ್ಮಾನಿಸಿ, ಕುಣಿಯುತ್ತ ಮೆಟ್ಟಿಲಿಳಿದೆ. ಆ ವರ್ಷ ನನಗೆ ಬಂದ ಸಂತೋಷ ಅಷ್ಟೆ.

ಶಾಲೆ ತೆರೆಯುವ ಹಿಂದಿನ ದಿನ ಬೆಳಿಗ್ಗೆ ಬೀರಪ್ಪ ಕಾಕಾ ಬಂದ. ಹಿಂಡು ಮರಳಿ ಮಮದಾಪುರಕ್ಕೆ ಹೊರಟಿತ್ತು, ಊರ ಹೊರಗೆ ಒಂದು ಹೊಲದಲ್ಲಿ ಚಿಗವ್ವನ ಕಾವಲಿಗೆ ಬಿಟ್ಟು ಬಂದಿದ್ದ. ನಮ್ಮ ಮನೆಯ ಮಕ್ಕಳಿಗೆ ಆ ದಿನದ ಮಟ್ಟಿಗೆ ಹಾಲಾಗಲಿ ಎಂದು ಎರಡು ಆಡು ಹೊಡೆದುಕೊಂಡು ಬಂದು ಅಂಗಳದ ಗೂಟಕ್ಕೆ ಕಟ್ಟಿದ. ಅದರಲ್ಲಿ ಒಂದು ಮಾಳಿ ಕೈಯಿಂದ ಹಾಲು ಕುಡಿಸಿ ಬೆಳೆಸಿದ್ದು. ಅದನ್ನು ಕಂಡದ್ದೇ ಅವಳು ಅಷ್ಟು ತಿಂಗಳು ಎಲ್ಲಿ ಮುಚ್ಚಿಟ್ಟಿದ್ದಳೋ ಆ ನಗು ಬಂತು. ಓಡಿಹೋಗಿ ಅದರ ಕೊರಳು ತಬ್ಬಿದಳು, ಕಿವಿ ಕಚ್ಚಿದಳು, ಹಗ್ಗ ಬಿಗಿಯಾಯಿತೆಂದು ಬಿಚ್ಚಿದಳು. ಒಂದನ್ನು ಬಿಚ್ಚಿದರೆ ಇನ್ನೊಂದಕ್ಕೆ ಬೇಸರವೆಂದು ಅದನ್ನೂ ಬಿಚ್ಚಿದಳು. ಅಷ್ಟರಲ್ಲಿ ಅವ್ವ ಉಣ್ಣಲು ಕರೆದಳು, ಎಲ್ಲರೂ ಒಳಗೆ ಹೋದೆವು. ಅಂಗಳದಿಂದ ಮಾಳಿಗೆಗೆ ಕಲ್ಲಿನ ಮೆಟ್ಟಿಲು. ಆಡಿಗೆ ಮೆಟ್ಟಿಲು ಏರಲು ಕಲಿಸಬೇಕೇ? ಮೇಲೆ ಬಿಸಿಲಿಗೆ ಮೆಂತ್ಯದ ಘಮ ಎದ್ದಿತ್ತು. ನಾವು ಕೈತೊಳೆದು ಬಂದಾಗ ದೊಡ್ಡಪ್ಪನ ಕಿರಿಯ ಮಗ ಮಾಳಿಗೆಯ ಮೇಲಿಂದ ಕೂಗಿ ಹೇಳಿದ, "ಡಬ್ಬಿ ತಿಂದಾವ. ಎಲ್ಲಾ ತಿಂದಾವ."

ಎಲ್ಲ ತಿಂದಿರಲಿಲ್ಲ. ಎತ್ತು ಹೋಗಿತ್ತು, ಗಾಳಿಪಟ ಹೋಗಿತ್ತು, ಕುರಿಮರಿಯ ಎರಡು ಕಾಲು ಒಂದು ಮೂಲೆಯಲ್ಲಿ ಬಿದ್ದಿದ್ದವು. ಗಿಣಿಯ ಡಬ್ಬಿ ಮಾತ್ರ ಮೂಲೆ ಒಂದಿಷ್ಟು ಒದ್ದೆಯಾಗಿ ಉಳಿದಿತ್ತು. ಗುಲಗಂಜಿ ವಿಷವೆಂದು ಆಡಿಗೂ ತಿಳಿಯುತ್ತದೆಯೋ, ಇಲ್ಲ ಹೊಟ್ಟೆ ತುಂಬಿತ್ತೋ. ಆಯಿ ಕೆಳಗೆ ಕಟ್ಟೆಯ ಮೇಲೆ ಕೂತವಳು, "ಆಡು ಮುಟ್ಟದ ಸೊಪ್ಪಿಲ್ಲ ಅಂತಿದ್ರು. ಈಗ ಸಾಲಿನೂ ಮುಟ್ಟಿದ್ವು ನೋಡ" ಎಂದು ನಕ್ಕಳು. ನಮ್ಮ ಮನೆಯವರಿಗೆ ನಗು ಬಂದಿತ್ತು. ಬೀರಪ್ಪ ಕಾಕಾನಿಗೆ ನಗು ಬರಲಿಲ್ಲ. ಅವನ ಮುಖ ಕಪ್ಪಿಟ್ಟಿತ್ತು. ಕುರಿ ಕಾಯುವವರಲ್ಲಿ ಒಂದು ನೇಮವಿದೆ. ತಮ್ಮ ಪ್ರಾಣಿ ಮಂದಿಯದಕ್ಕೆ ಬಾಯಿ ಹಾಕಿದರೆ, ಕೇಳುವ ಮೊದಲೇ ತಾವಾಗಿ ದಂಡ ತೆರಬೇಕು. ಇಲ್ಲದಿದ್ದರೆ ಮುಂದಿನ ವರ್ಷ ಆ ದಾರಿಯಲ್ಲಿ ಹಿಂಡು ನಡೆಯುವುದು ಕಷ್ಟ. ಅವನು ಕೈಯಲ್ಲಿದ್ದ ಕೋಲಿನಿಂದ ನೆಲ ಕೆದರುತ್ತ ಕೇಳಿದ, ಯಾರು ಬಿಚ್ಚಿದ್ದು ಎಂದು. ನಾನು ಹೇಳಿದೆ, ಮಾಳಿ ಬಿಚ್ಚಿದಳು ಎಂದು. ನಿಜವನ್ನೇ ಹೇಳಿದೆ.

"ಯಕ್ಕಾರ, ಮಂದಿ ಬೆಳಿಗಿ ಬಾಯಿ ಹಾಕಿದ್ರ ಕುರಿ ಬಿಟ್ಟುಕೊಟ್ಟು ಬಂದ ಮಂದಿರಿ ನಾವು" ಎಂದ ಕಾಕಾ. "ಇದಕ್ಕ ಏನ್ ಕೊಡ್ಲಿ? ಹುಡುಗಿ ನಿಮ್ಮ ಮನ್ಯಾಗ ಉಂಡು ನಿಮ್ಮ ಮಕ್ಕಳ ಸಾಲೀನ ಕೆಡಿಸ್ಯಾಳ. ಇನ್ನ ಇಕಿ ಇಲ್ಲಿ ಇರೂದು ಬ್ಯಾಡ. ಕರಕೊಂಡು ಹೋಗ್ತೇನ್ರಿ. ಮರಿ ನೋಡಾಕ ನಮಗೂ ಮಂದಿ ಇಲ್ಲ."

ಅವನು ಸಿಟ್ಟಿನಿಂದ ಹೇಳಿದ್ದರೆ ಅಪ್ಪನೋ ದೊಡ್ಡಪ್ಪನೋ ಸಮಾಧಾನ ಮಾಡುತ್ತಿದ್ದರು. ಅವನು ನಾಚಿಕೆಯಿಂದ ಹೇಳಿದ್ದ. ನಾಚಿಕೆಗೆ ಸಮಾಧಾನ ಹೇಳುವುದು ಯಾರಿಗೂ ಬರಲಿಲ್ಲ. ಮಾಳಿ ಒಳಗೆ ಹೋಗಿ ತನ್ನ ಲಂಗ ರವಿಕೆ ಮಡಚತೊಡಗಿದಳು. ಹೋಗಲಿ, ಹೋಗಲಿ ಎಂದು ಒಳಗೊಳಗೇ ಅನ್ನುತ್ತಿದ್ದೆ. ನಾಳೆಯಿಂದ ಅವ್ವ ನನ್ನೊಬ್ಬಳ ಅವ್ವ, ನನ್ನ ಕೈಯಲ್ಲಿ ಗಿಣಿಯ ಡಬ್ಬಿ. ಅಷ್ಟರಲ್ಲಿ ಅವ್ವ ಮಾಳಿಗೆಯಿಂದ ಇಳಿದು ಬಂದಳು, ಡಬ್ಬಿಯನ್ನು ಸೆರಗಿನಿಂದ ಒರೆಸುತ್ತ. ನಾನು ಕೈ ಚಾಚಿದೆ. ಅವಳು ನನ್ನನ್ನು ದಾಟಿ ಹೋಗಿ ಮಾಳಿಯ ಕೈಯಲ್ಲಿ ಅದನ್ನಿಟ್ಟಳು.

"ನೋಡ್ರಿಲ್ಲಿ" ಎಂದು ಕಾಕಾನ ಕಡೆ ತಿರುಗಿದಳು. "ಇದು ಮಾಳೀ ಡಬ್ಬಿ. ತಿಂದದ್ದು ನಮ್ಮ ಹುಡುಗರ್ವು, ಅವನ್ನ ನಾವು ಮತ್ತ ಮಾಡ್ಕೋತೇವಿ. ನಿಮ್ಮ ಆ ಮೂಕ ಜೀವಕ್ಕನ ಗೊತ್ತಾಗೇತಿ ಇದು ತಮ್ಮ ಹುಡುಗೀದು ಅಂತ, ಇದನ್ನ ಮುಟ್ಟಿಲ್ಲ. ಅವು ಬಿಟ್ಟ ಸಾಲೀನ ನೀವು ಬಿಡಿಸ್ತೀರೇನ್ರಿ?"

ಕಾಕಾ ಡಬ್ಬಿಯನ್ನು ನೋಡಿದ, ಆಡನ್ನು ನೋಡಿದ. ತನ್ನ ಹಿಂಡಿನ ಪ್ರಾಣಿಗೆ ತಿಳಿವಳಿಕೆ ಇಲ್ಲವೆಂದು ಹೇಳುವುದು ಅವನಿಂದ ಸಾಧ್ಯವಿರಲಿಲ್ಲ. ಕೋಲು ಗೋಡೆಗೆ ಒರಗಿತು. ಆಗ ನಾನು ಬಾಯಿ ಬಿಟ್ಟೆ. "ಯವ್ವಾ, ಅದು ನಂದಬೇ." ಅವ್ವ ನನ್ನ ಕಡೆ ತಿರುಗಲೂ ಇಲ್ಲ. "ನಿಂದಲ್ಲ. ಸುಮ್ಮಕ ಕುಂಡ್ರು" ಎಂದಳು.

ನಾನು ಕೂತೆ. ಆವತ್ತು ಕಾಕಾ ಎರಡು ಆಡಿನಲ್ಲಿ ಒಂದನ್ನು ದಂಡವೆಂದು ನಮ್ಮ ಮನೆಯಲ್ಲಿಯೇ ಬಿಟ್ಟು ಒಬ್ಬನೇ ಹೋದ. ಮಾಳಿ ಉಳಿದಳು. ಅವ್ವ ಮರುದಿನವೇ ದೋಣಿಯಲ್ಲಿ ಮತ್ತೆ ಕಾಗದ ನೆನೆಹಾಕಿದಳು. ಆದರೆ ಮಿರಗದ ಮೋಡ ಕಟ್ಟಿತ್ತು, ಬಿಸಿಲು ಸತ್ತಿತ್ತು. ನನಗಾಗಿ ಮಾಡಿದ ಡಬ್ಬಿ ಒಣಗದೆ ನಡು ಜಗ್ಗಿ, ಒಂದು ಬದಿಗೆ ವಾಲಿ, ಬೂಸಲು ಹಿಡಿಯಿತು. ಗುಲಗಂಜಿ ಮುಗಿದಿದ್ದವು, ಮುಚ್ಚಳದ ಮೇಲೆ ಹುಣಸೆ ಬೀಜದಿಂದ ಏನೋ ಹಕ್ಕಿ ಮಾಡಿದ್ದಳು, ಅದು ಕೋಳಿಯ ಹಾಗೆ ಕಾಣುತ್ತಿತ್ತು. ನಾನು ಮುಟ್ಟಲಿಲ್ಲ. ಅಪ್ಪ ನನ್ನ ಊದಿದ ಮುಖ ನೋಡಲಾರದೆ ವಿಜಾಪುರದಿಂದ ಪ್ಲಾಸ್ಟಿಕ್ಕಿನ ಕಂಪಾಸು ಡಬ್ಬಿ ತಂದುಕೊಟ್ಟ, ಒತ್ತಿದರೆ ಟಪ್ ಎಂದು ತೆರೆಯುವಂಥದು. ಇಡೀ ವರ್ಗ ಅದನ್ನು ನೋಡಲು ಮುತ್ತಿಕೊಂಡಿತು. ಮಾಳಿಯೂ ಬಂದು ಟಪ್ ಎನ್ನಿಸಿ ನೋಡಿದಳು. ನನ್ನ ಕಣ್ಣು ಮಾತ್ರ ಅವಳ ಚೀಲದ ಬಾಯಲ್ಲಿ ಇಣುಕುತ್ತಿದ್ದ ಕೆಂಪು ಗಿಣಿಯ ಮೇಲೆ. ಏಳನೆಯ ಇಯತ್ತೆಯವರೆಗೂ ಅವಳು ಅದನ್ನು ತಂದಳು, ಏಳನೆಯ ಇಯತ್ತೆಯವರೆಗೂ ನಾನು ಅದನ್ನು ನೋಡಿದೆ.

ನನಗೆ ಬೇಕಾಗಿದ್ದುದು ಡಬ್ಬಿಯಲ್ಲ ಎಂದು ನಿಮಗೆ ಬೇರೆ ಹೇಳಬೇಕಿಲ್ಲ. ಅವ್ವ ಆ ಮಧ್ಯಾಹ್ನ ಒಂದೊಂದೇ ಬೀಜ ಒತ್ತುವಾಗ ಅವಳ ಮನಸ್ಸಿನಲ್ಲಿ ಇದ್ದವಳು ನಾನೋ ಮಾಳಿಯೋ, ಅದು ಬೇಕಿತ್ತು. ನಿಂದಲ್ಲ ಎಂದದ್ದು ಆ ಹೊತ್ತಿಗೆ ಹೇಳಿದ ಸುಳ್ಳಾಗಿದ್ದರೆ, ಅವ್ವ ನನ್ನದನ್ನು ತೆಗೆದು ಒಂದು ಹುಡುಗಿಯ ಶಾಲೆ ಉಳಿಸಿದಳು. ಹೊಟ್ಟೆ ಉರಿದರೂ ನುಂಗಬಹುದು. ನಿಜವೇ ಆಗಿದ್ದರೆ? ಕುರಿಮರಿ ನನಗೆ, ಗಿಣಿ ಮೊದಲಿನಿಂದಲೂ ಮಾಳವ್ವನಿಗೆ ಎಂದೇ ಇದ್ದಿದ್ದರೆ? ದೊಡ್ಡವಳಾದ ಮೇಲೆ, ಮದುವೆಯಾದ ಮೇಲೆ, ಮಗಳು ಹುಟ್ಟಿದ ಮೇಲೆ ಬಾಣಂತನದಲ್ಲಿ ಎಣ್ಣೆ ಹಚ್ಚಿಸಿಕೊಳ್ಳುತ್ತ ಕೂಡ ಅವ್ವನನ್ನು ಕೇಳಿದ್ದೇನೆ. "ಯಾರದಾದ್ರೇನು ಬೇ" ಎನ್ನುತ್ತಿದ್ದಳು, "ಹುಡುಗಿ ಸಾಲ್ಯಾಗ ಉಳಿದ್ಲಿಲ್ಲೊ." ಕೊನೆಯ ಸಲ ಆಸ್ಪತ್ರೆಯಲ್ಲಿ ಕೇಳಬೇಕೆಂದು ಬಾಯಿಯವರೆಗೆ ಬಂದಿತ್ತು. ಅವಳ ಕೈಗೆ ಸೂಜಿ ಚುಚ್ಚಿದ್ದರು, ಮೂಗಿನಲ್ಲಿ ನಳಿಗೆ ಇತ್ತು. ಅಂಥ ಹೊತ್ತಿನಲ್ಲಿ ಪೆನ್ಸಿಲ್ ಡಬ್ಬಿಯ ಮಾತು ಹೇಗೆ ಎತ್ತುವುದು. ಅವ್ವ ಹೋಗಿ ಎರಡು ಮಳೆಗಾಲ ಕಳೆಯಿತು. ಅವಳ ಕೈಯಿಂದ ಆದ ಒಂದು ದಾರದ ತುಂಡೂ ನನ್ನ ಹತ್ತಿರ ಇಲ್ಲ. ಖಾಕಿ ಚೀಲ ಎಲ್ಲಿ ಹೋಯಿತೋ, ಕೋಳಿಯ ಹಾಗಿದ್ದ ಹಕ್ಕಿ ಯಾವ ತಿಪ್ಪೆ ಸೇರಿತೋ.

ಮಗಳ ಡಬ್ಬಿಯ ಮುದ್ದೆ ಆ ರವಿವಾರ ಸರಿಯಾಗಿ ಕೂಡಿಬರಲಿಲ್ಲ, ಬಿರುಕು ಬಿಡುತ್ತಿತ್ತು. ಮೆಂತ್ಯದ ಅಳತೆ ಕೇಳಿ ಬರುತ್ತೇನೆಂದು ಮನೆಯಲ್ಲಿ ಹೇಳಿ ನಾನು ಬಬಲೇಶ್ವರದ ಬಸ್ಸು ಹತ್ತಿದೆ. ಮಾಳಿ ಅಲ್ಲಿ ಪ್ರಾಥಮಿಕ ಶಾಲೆಯಲ್ಲಿ ಟೀಚರು. ಮನೆಯ ಮುಂದೆ ಒಂದು ಹಲಗೆ, ಅದರಲ್ಲಿ ಅವಳದೇ ದುಂಡನೆಯ ಅಕ್ಷರದಲ್ಲಿ ಅವಳ ಹೆಸರು. ಅಕ್ಷರ ಇನ್ನೂ ನನಗಿಂತ ಚಂದ. ಅವಳು ಒಳಗೆ ಗ್ಯಾಸಿನ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸದೆ ನಕ್ಕಳು.

"ಅಲ್ಲಬೇ ರೇಣಕ್ಕಾ, ಫೋನ್ ಮಾಡಿದ್ರ ಹೇಳ್ತಿದ್ದಿಲ್ಲೇನು? ಮೆಂತೆ ಸಲುವಾಗಿ ಬಸ್ ಹತ್ತಿ ಬಂದಿ?"

ಸುತ್ತಿ ಬಳಸುವುದು ನನಗೆ ಬರುವುದಿಲ್ಲ. ಆ ಗುಲಗಂಜಿಯ ಗಿಣಿ ಡಬ್ಬಿ ಇದೆಯೇ ಎಂದು ಕೇಳಿದೆ. ಅವಳು ಹಿಟ್ಟಿನ ಕೈಯಿಂದ ಕೂದಲು ಹಿಂದೆ ಸರಿಸಿದಳು. ಹಾಸ್ಟೆಲಿನಲ್ಲಿದ್ದಾಗಲೇ ಇಲಿ ಕಡಿದುಹಾಕಿದವು, ಬೀಜಗಳನ್ನಾದರೂ ಆರಿಸಿಡೋಣವೆಂದರೆ ಎಲ್ಲ ಚೆಲ್ಲಾಪಿಲ್ಲಿಯಾಗಿದ್ದವು ಎಂದಳು. ನಾನು ಹೇಳಿಬಿಟ್ಟೆ, ಅದು ನಂದು ಎಂದು. ಈ ವಯಸ್ಸಿನಲ್ಲಿ, ತಲೆಯಲ್ಲಿ ಬಿಳಿಕೂದಲು ಇಟ್ಟುಕೊಂಡು, ಆ ಅಂಗಳದಲ್ಲಿ ಅಂದ ಹಾಗೆಯೇ ಅಂದೆ.

ಅವಳು ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. "ಇರಬಹುದು" ಎಂದಳು. "ನನಗೂ ಹಂಗ ಅನಸ್ತಿತ್ತು. ದೊಡ್ಡವ್ವಗ ಕೇಳಾಕ ಹೆದರಿಕಿ. ಹೌದು, ರೇಣೀದು ಅಂದ್ರ ತಿರುಗಿ ಕೊಡಬೇಕಾಕ್ಕಿತ್ತು." ಹಂಚಿನ ಮೇಲಿನ ರೊಟ್ಟಿಯನ್ನು ಮಗುಚಿದಳು. "ಡಬ್ಬಿ ನಿಂದ ಅಂತ ತಿಳಕೊ. ಆದ್ರ ನಿನ್ನ ಕಂಡ್ರ ನನಗೂ ಕಡಿಮಿ ಹೊಟ್ಟಿಕಿಚ್ಚ ಇದ್ದಿಲ್ಲ. ಅದು ಬ್ಯಾರೆದಕ್ಕ."

ಏತಕ್ಕೆ ಎಂದು ಕೇಳಿದೆ. ನನ್ನಲ್ಲಿ ಹೊಟ್ಟೆಕಿಚ್ಚು ಪಡುವಂಥದು ಏನಿತ್ತು? ರೊಟ್ಟಿ ಉಬ್ಬಿ ಬಂತು. ಅವಳು ಅದನ್ನು ಇಳಿಸಿ, ಮೇಲಿನ ತೆಳ್ಳನೆಯ ಪದರವನ್ನು ಉಗುರಿನಿಂದ ಎಬ್ಬಿಸಿ ತೋರಿಸಿದಳು.

"ಇದಕ್ಕ" ಎಂದಳು. "ನಸುಕಿನ್ಯಾಗ ದೊಡ್ಡವ್ವ ಮೊದಲನೇ ರೊಟ್ಟಿ ಹಂಚಿಗಿ ಹಾಕೂದಕ್ಕ ನೀ ಹಾಸಿಗ್ಯಾಗಿಂದ ಎದ್ದ ಬಂದು ಅಕಿ ತೊಡಿ ಮ್ಯಾಲ ತಲಿ ಇಟ್ಟು ಮತ್ತ ಮಕ್ಕೋತಿದ್ದಿ. ಅಕಿ ಮ್ಯಾಲಿನ ಪದರ ಸುಲದು, ಊದಿ ಊದಿ ಆರಿಸಿ, ನಿನ್ನ ಬಾಯಾಗ ಇಡತಿದ್ಲು. ನೀ ಕಣ್ಣ ಸೈತ ತೆರೀತಿದ್ದಿಲ್ಲ, ಹಂಗ ತಿಂತಿದ್ದಿ. ದಿನಾ. ನಾ ಒಲಿ ಆ ಕಡೆ ಕುಂತು ನೋಡತಿದ್ದೆ."

"ನಿನಗ?"

"ನನಗ ಪೂರಾ ರೊಟ್ಟಿ. ತಾಟಿನ್ಯಾಗ ಹಾಕಿ, ಬೆಣ್ಣಿ ಇಟ್ಟು ಕೊಡತಿದ್ಲು. ಯಾವತ್ತೂ ಕಡಿಮಿ ಮಾಡಿಲ್ಲ. ಬಾಯಾಗ ಮಾತ್ರ ಇಡಲಿಲ್ಲ."

ನಾನು ನೆನಪಿಸಿಕೊಳ್ಳಲು ನೋಡಿದೆ. ಆ ಒಲೆ ನೆನಪಿದೆ, ಅದರ ಮುಂದಿನ ಸಗಣಿ ಸಾರಿಸಿದ ನೆಲ ನೆನಪಿದೆ, ಅವ್ವನ ಇಳಕಲ್ಲ ಸೀರೆಯ ಅಂಚಿನ ಬಣ್ಣ ಕೂಡ ನೆನಪಿದೆ. ಅವಳ ತೊಡೆ ನೆನಪಿಲ್ಲ. ಅವಳ ಉಸಿರು ನೆನಪಿಲ್ಲ. ಆ ಪದರದ ರುಚಿ ನಾಲಿಗೆಗೆ ಎಷ್ಟು ಹುಡುಕಿದರೂ ಸಿಗಲಿಲ್ಲ. ಹುಟ್ಟಿದಾಗಿನಿಂದ ಇದ್ದದ್ದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ. ನಾನು ನೆನಪಿಟ್ಟುಕೊಂಡದ್ದು "ನಿಂದಲ್ಲ" ಎಂಬ ಒಂದು ಮಾತು. ದಿನಾಲೂ ನಸುಕಿನಲ್ಲಿ ನಾನು ನಿದ್ದೆಗಣ್ಣಿನಲ್ಲಿ ಬಾಯಿ ತೆರೆದಿದ್ದೆ, ಮಾಳಿ ಎಚ್ಚರವಿದ್ದು ನೋಡಿದ್ದಳು.

"ಇನ್ನೊಮ್ಮೆ ಹೇಳ" ಎಂದೆ. ಅವಳು ಇನ್ನೊಂದು ರೊಟ್ಟಿ ಬಡಿಯುತ್ತ ಮತ್ತೆ ಮೊದಲಿನಿಂದ ಹೇಳಿದಳು. ಅವ್ವ ಯಾವ ಕೈಯಿಂದ ಸುಲಿಯುತ್ತಿದ್ದಳು, ಎಷ್ಟು ಹೊತ್ತು ಊದುತ್ತಿದ್ದಳು, ಇನ್ನೊಂದು ಕೈ ನನ್ನ ಹಣೆಯ ಮೇಲೆ ಹೇಗೆ ಇರುತ್ತಿತ್ತು, ಎಲ್ಲ ಅವಳಿಗೆ ಗೊತ್ತಿತ್ತು. ನಾನು ಕೂತು ಕೇಳಿದೆ, ಕೇಳುತ್ತ ಕೇಳುತ್ತ ಹೊಟ್ಟೆ ಉರಿಯಿತು. ಡಬ್ಬಿಯಾದರೆ ಅದು ನಂದು, ಕೊಡು ಎಂದು ಕೇಳಬಹುದಿತ್ತು. ಈ ನೆನಪನ್ನು ಹೇಗೆ ಕೇಳಲಿ?